ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ವಾಲ್ವ್ ಅಳತೆ ಎರಡು ಕಡೆ ಎರಡು ಥರ ಬಂದಿದೆ. ಎಐ ಹೇಳಿದ್ದನ್ನು ನಂಬಬೇಕಾ?

ನಿಟುವಳ್ಳಿ ಶಶಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಆಸ್ಪತ್ರೆಯವರೂ ಇದ್ದೀರಿ, ಸಾಫ್ಟ್‌ವೇರ್‌ನವರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅಕ್ಕನಿಗೆ 38 ವರ್ಷ. ಚಿಕ್ಕವಳಿದ್ದಾಗ ಜ್ವರ ಬಂದು ಕೀಲೆಲ್ಲ ಊದಿತ್ತಂತೆ. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗಿದೆ. ಒಂದು ಮಹಡಿ ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ, ರಾತ್ರಿ ಎರಡು ದಿಂಬು ಬೇಕು.

ದಾವಣಗೆರೆಯಲ್ಲಿ ಒಂದು ಕಡೆ ಎಕೋ ಮಾಡಿಸಿದೆವು. ವಾಲ್ವ್ ಏರಿಯಾ 1.5 ಚದರ ಸೆಂ.ಮೀ., ಮಧ್ಯಮ ಮಟ್ಟದ್ದು, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಭಾವ ಸಮಾಧಾನ ಆಗದೆ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ 3ಡಿ ಎಕೋ ಮಾಡಿ 1.1 ಅಂದರು, ಬಲೂನ್ ಹಾಕಿ ವಾಲ್ವ್ ಅಗಲ ಮಾಡಿಸಿ ಅಂತಲೂ ಹೇಳಿದರು. ಆ ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಳತೆಗೆ ಎಐ ಸಾಫ್ಟ್‌ವೇರ್ ಬಳಸಿದ್ದೇವೆ ಅಂತ ಇದೆ.

ಮನೆಯಲ್ಲಿ ಈಗ ಎರಡು ಪಾರ್ಟಿ. ಅಮ್ಮ "ಮನುಷ್ಯರು ನೋಡಿದ್ದೇ ಸರಿ" ಅಂತಾರೆ. ಭಾವ "ಕಂಪ್ಯೂಟರ್‌ಗೆ ಯಾರ ಹಂಗೂ ಇಲ್ಲ" ಅಂತಾರೆ. ಯಾವುದನ್ನು ನಂಬೋದು?

ಮಂಡಕ್ಕಿ ಭಟ್ಟಿ:
ಎಐ ಅಂತ ಬರೆದರೆ ಬಿಲ್ಲಿಗೆ ಇನ್ನೊಂದು ಸಾಲು ಸೇರುತ್ತದೆ ಅಷ್ಟೇ. ಬಿಲ್ಲು ತೆಗೆದು ನೋಡಿ.

ನಿಟುವಳ್ಳಿ ಶಶಿ:
ನೋಡಿದೆ ಸರ್. 3ಡಿ ಎಕೋ ಅಂತ ಮಾತ್ರ ಇದೆ, ಎಐಗೆ ಬೇರೆ ಚಾರ್ಜ್ ಇಲ್ಲ.

ಮಂಡಕ್ಕಿ ಭಟ್ಟಿ:
ಹಂಗಾದ್ರೆ ಅದರೊಳಗೇ ಸೇರಿಸಿರ್ತಾರೆ 😀

ಎಕೋ ರೂಮು:
ಶಶಿಯವರೇ, ನಾನು ಎಕೋ ಟೆಕ್ನಿಷಿಯನ್. ದಿನಾ ರೋಗಿಯ ಎದೆಯ ಮೇಲೆ ಪ್ರೋಬ್ ಹಿಡಿಯುವುದೇ ಕೆಲಸ. ಮನುಷ್ಯ ದೊಡ್ಡವನಾ ಯಂತ್ರ ದೊಡ್ಡದಾ ಅನ್ನುವ ಜಗಳವನ್ನು ಒಂದು ಗಳಿಗೆ ಪಕ್ಕಕ್ಕಿಡಿ. ಇಲ್ಲಿ ಆಗಿರುವುದು ಬೇರೆ ಇರಬೇಕು.

ಮೈಟ್ರಲ್ ವಾಲ್ವ್‌ಗೆ ಎರಡು ಎಸಳು. ನಿಮ್ಮ ಅಕ್ಕನ ಹಾಗೆ ಚಿಕ್ಕಂದಿನಲ್ಲಿ ಜ್ವರ, ಕೀಲು ಊತ ಬಂದು ವಾಲ್ವ್ ಕೆಡುವ ರುಮ್ಯಾಟಿಕ್ ಕಾಯಿಲೆಯಲ್ಲಿ ಆ ಎಸಳುಗಳ ಅಂಚು ಎರಡೂ ಮೂಲೆಯಲ್ಲಿ ಅಂಟಿಕೊಳ್ಳುತ್ತದೆ. ಆಗ ವಾಲ್ವ್ ಆಲಿಕೆ ಆಗಿಬಿಡುತ್ತದೆ, ಮೇಲೆ ಅಗಲ, ತುದಿಯಲ್ಲಿ ಸಣ್ಣ ತೂತು. ರಕ್ತ ಹೋಗಬೇಕಾದ್ದು ಆ ತುದಿಯ ತೂತಿನಲ್ಲಿ. ಮಾಮೂಲಿ 2ಡಿ ಎಕೋದಲ್ಲಿ ನಾವು ಅಡ್ಡಲಾಗಿ ಒಂದು ಸೀಳು ತೆಗೆದು ಆ ತೂತಿನ ಸುತ್ತ ಕರ್ಸರ್‌ನಲ್ಲಿ ಗೆರೆ ಎಳೆಯುತ್ತೇವೆ. ಆ ಸೀಳು ತುದಿಗಿಂತ ಸ್ವಲ್ಪ ಮೇಲೆ ಬಿತ್ತು ಅಂದರೆ ಏರಿಯಾ ಜಾಸ್ತಿ ಬರುತ್ತದೆ. ಓರೆಯಾಗಿ ಬಿದ್ದರೂ ಅಷ್ಟೇ. 3ಡಿಯಲ್ಲಿ ಪೂರ್ತಿ ವಾಲ್ವ್ ಸೆರೆಯಾಗುತ್ತದೆ. ಆಮೇಲೆ ಸೀಳನ್ನು ಸ್ಕ್ರೀನಿನ ಮೇಲೇ ತಿರುಗಿಸಿ ಸರಿಯಾಗಿ ತುದಿಗೆ ತಂದು ನಿಲ್ಲಿಸಬಹುದು. ಅದಕ್ಕೇ ಸಾಮಾನ್ಯವಾಗಿ 3ಡಿ ನಂಬರ್ 2ಡಿಗಿಂತ ಸಣ್ಣದು ಬರುತ್ತದೆ.

ಅಂದರೆ 1.5 ಇದ್ದದ್ದು 1.1 ಆಗಿರುವುದು 3ಡಿಯಿಂದ. ಎಐ ಮಾಡಿದ್ದು ಗೆರೆ ಎಳೆಯುವ ಕೆಲಸ ಮಾತ್ರ.

ಕೋಡ್ ಕೊಟ್ರೇಶಿ:
"ಗೆರೆ ಎಳೆಯುವ ಕೆಲಸ ಮಾತ್ರ" ಅಂತ ಅಷ್ಟು ಹಗುರ ಮಾಡಬೇಡಿ ಸರ್. ನಾನು ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಮೆಡಿಕಲ್ ಇಮೇಜಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಗೆರೆಯೇ ಎಲ್ಲ. ಒಂದೇ ಚಿತ್ರವನ್ನು ಇಬ್ಬರಿಗೆ ಕೊಡಿ, ಎರಡು ಗೆರೆ ಬರುತ್ತವೆ. ಬೆಳಿಗ್ಗೆ, ಸಂಜೆ ಒಬ್ಬರಿಗೇ ಕೊಡಿ, ಆಗಲೂ ಎರಡು. ಸಾಫ್ಟ್‌ವೇರ್ ಹಾಗಲ್ಲ. ಅದೇ ಚಿತ್ರಕ್ಕೆ ಅದೇ ಗೆರೆ.

ಎಕೋ ರೂಮು:
ತಪ್ಪಾದರೂ ಅದೇ ತಪ್ಪು ಗೆರೆ, ಅಲ್ವಾ?

ಕೋಡ್ ಕೊಟ್ರೇಶಿ:
ಹೌದು. ಆದರೆ ಒಂದೇ ಥರದ ತಪ್ಪನ್ನು ಹುಡುಕಿ ಸರಿ ಮಾಡಬಹುದು. ದಿನಕ್ಕೊಂದು ಥರದ ತಪ್ಪನ್ನು ಏನು ಮಾಡುತ್ತೀರಿ?

ನಿದ್ದೆಗೆಟ್ಟ ಪಿಜಿ:
ಇಬ್ಬರೂ ಸ್ವಲ್ಪ ನಿಲ್ಲಿ. ಶಶಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಶಶಿ, ನಾನು ಮೆಡಿಸಿನ್‌ನಲ್ಲಿ ಪಿಜಿ ಓದುತ್ತಿರುವ ಡಾಕ್ಟರ್. ನಿಮ್ಮ ಅಕ್ಕನನ್ನು ನೋಡಿಲ್ಲ, ಹಾಗಾಗಿ ಇದು ಸಲಹೆ ಅಲ್ಲ, ಲೆಕ್ಕ ಮಾತ್ರ. ಮೈಟ್ರಲ್ ವಾಲ್ವ್ ಏರಿಯಾ ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂ.ಮೀ. ಇರುತ್ತದೆ. ಮೊದಲೆಲ್ಲ 1.0ಗಿಂತ ಕಡಿಮೆ ಇದ್ದರೆ ತೀವ್ರ, 1.0ರಿಂದ 1.5ರ ತನಕ ಮಧ್ಯಮ ಅಂತ ಲೆಕ್ಕ. 2014ರ ಅಮೆರಿಕದ ಮಾರ್ಗಸೂಚಿ ಇದನ್ನು ಬದಲಾಯಿಸಿತು. 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ, 1.0 ಅಥವಾ ಕಡಿಮೆ ಇದ್ದರೆ ಅತಿ ತೀವ್ರ. ಮೇಲಿಂದ ರೋಗಿಗೆ ತೊಂದರೆ ಕಾಣಿಸುತ್ತಿದೆಯಾ ಅನ್ನುವುದು ನಂಬರಿನಷ್ಟೇ ಮುಖ್ಯ.

ಈಗ ಹೇಳಿ. 1.5 ಆದರೂ 1.1 ಆದರೂ ಎರಡೂ ಒಂದೇ ಪೆಟ್ಟಿಗೆಯಲ್ಲೇ ಬಿದ್ದವು. ಉಸಿರಾಟದ ತೊಂದರೆ ಇದೆ, ಎರಡು ದಿಂಬು ಬೇಕು. "ಮಧ್ಯಮ, ಆರು ತಿಂಗಳು ಬಿಟ್ಟು ಬನ್ನಿ" ಅಂದವರು ಹಳೇ ಪಟ್ಟಿ ನೋಡಿರಬಹುದು. ನಿಮ್ಮ ಮನೆ ಜಗಳ ಎಐ ಬಗ್ಗೆ ಅಲ್ಲವೇ ಅಲ್ಲ.

ನಿಟುವಳ್ಳಿ ಶಶಿ:
ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಭಾವನಿಗೆ ಈಗಲೇ ಕಳಿಸುತ್ತೇನೆ. ಇನ್ನೊಂದು, ಬಲೂನೋ ಆಪರೇಷನ್ನೋ ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ನಿದ್ದೆಗೆಟ್ಟ ಪಿಜಿ:
ವಿಲ್ಕಿನ್ಸ್ ಸ್ಕೋರ್ ಅಂತ ಒಂದಿದೆ, 1988ರದ್ದು. ಎಕೋದಲ್ಲಿ ನಾಲ್ಕು ವಿಷಯ ನೋಡುತ್ತಾರೆ. ಎಸಳು ಎಷ್ಟು ಆಡುತ್ತದೆ, ಎಷ್ಟು ದಪ್ಪ ಆಗಿದೆ, ಕ್ಯಾಲ್ಸಿಯಂ ಎಷ್ಟು ಕಟ್ಟಿದೆ, ಎಸಳನ್ನು ಕೆಳಗಿನಿಂದ ಹಿಡಿದಿರುವ ದಾರಗಳು ಎಷ್ಟು ದಪ್ಪ ಆಗಿವೆ. ಒಂದೊಂದಕ್ಕೆ 1ರಿಂದ 4. ಒಟ್ಟು 8ರೊಳಗೆ ಬಂದರೆ ಬಲೂನಿಗೆ ಒಳ್ಳೆಯ ವಾಲ್ವ್. ಎಡ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿರಬಾರದು, ವಾಲ್ವ್ ಜಾಸ್ತಿ ಸೋರುತ್ತಿರಬಾರದು. ಹೆಪ್ಪು ನೋಡುವುದಕ್ಕೆ ಬಾಯಿಂದ ಪೈಪ್ ಇಳಿಸಿ ಎಕೋ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ಎಐ ನಿಜವಾಗಿ ಸಹಾಯ ಮಾಡಬಹುದಾದ ಜಾಗ ಇದು ಅಂತ ನನಗೆ ಅನಿಸುತ್ತದೆ. ಆ ನಾಲ್ಕು ಅಂಕಗಳನ್ನೂ ಕಣ್ಣಳತೆಯಲ್ಲೇ ಹಾಕುವುದು. ನಮ್ಮ ಯೂನಿಟ್ಟಿನಲ್ಲೇ ಒಬ್ಬರು 7 ಅಂದರೆ ಇನ್ನೊಬ್ಬರು 9 ಅಂತಾರೆ. 7ಕ್ಕೂ 9ಕ್ಕೂ ನಡುವೆ ಎದೆ ಸೀಳುವ ವ್ಯತ್ಯಾಸ ಇದೆ.

ಕೋಡ್ ಕೊಟ್ರೇಶಿ:
ನೋಡಿ, ಇದೇ ನಾನು ಹೇಳಿದ್ದು.

ಎಕೋ ರೂಮು:
ಕೊಟ್ರೇಶಿ, ಅದಕ್ಕೆ ಪಾಠ ಮಾಡುವವರು ಯಾರು? 7 ಅನ್ನುವ ಡಾಕ್ಟರಾ, 9 ಅನ್ನುವ ಡಾಕ್ಟರಾ?

ಕೋಡ್ ಕೊಟ್ರೇಶಿ:
ಇಬ್ಬರೂ. ಮೂರನೆಯವರೂ. ಒಂದೊಂದು ಚಿತ್ರಕ್ಕೂ ಹಲವರ ಅಂಕ ತೆಗೆದುಕೊಂಡು ಒಮ್ಮತಕ್ಕೆ ತರುತ್ತಾರೆ. ಹೇಗೆ ಕಲಿಸುತ್ತಾರೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪರಿಣತರು ಕೈಯಲ್ಲಿ ಗೆರೆ ಎಳೆದ ಚಿತ್ರಗಳನ್ನು ಸಾವಿರಗಟ್ಟಲೆ ತೋರಿಸುತ್ತೇವೆ. ಮೊದಮೊದಲು ಸಾಫ್ಟ್‌ವೇರ್ ಮನಸ್ಸಿಗೆ ಬಂದ ಹಾಗೆ ಗೆರೆ ಎಳೆಯುತ್ತದೆ. ಪ್ರತಿ ಸಲ ಪರಿಣತರ ಗೆರೆಗೂ ಅದರ ಗೆರೆಗೂ ಎಷ್ಟು ಅಂತರ ಅಂತ ಲೆಕ್ಕ ಹಾಕಿ ಒಳಗಿನ ಲಕ್ಷಾಂತರ ಸಂಖ್ಯೆಗಳನ್ನು ಒಂಚೂರು ತಿದ್ದುತ್ತದೆ. ಹೀಗೇ ಮಾಡ್ತಾ ಮಾಡ್ತಾ ಹತ್ತಿರ ಬರುತ್ತದೆ. 2015ರಲ್ಲಿ ಬಂದ ಯು-ನೆಟ್ ಅನ್ನುವ ವಿನ್ಯಾಸ ಇವತ್ತಿಗೂ ಈ ಕೆಲಸಕ್ಕೆ ಅಡಿಪಾಯ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನವರು 10,030 ಎಕೋ ವಿಡಿಯೋಗಳನ್ನು ಸಂಶೋಧಕರಿಗೆ ಬಿಟ್ಟುಕೊಟ್ಟರು. ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಅಂತ ಅಳೆಯುವುದಕ್ಕೆ ಅದರಿಂದ ಬಹಳ ಜನ ಕಲಿತರು, ನಾನೂ ಸೇರಿ.

ಎಕೋ ರೂಮು:
ಸ್ಟ್ಯಾನ್‌ಫರ್ಡ್. ಅಲ್ಲೇ ನನ್ನ ತಕರಾರು ಇರುವುದು. ಆ ಕಡೆ ವಾಲ್ವ್ ಕಾಯಿಲೆ ಅಂದರೆ ಬಹುತೇಕ ವಯಸ್ಸಾದವರದು. ಎಪ್ಪತ್ತು, ಎಂಬತ್ತು ವರ್ಷ, ಹೃದಯದಿಂದ ಮೈಗೆ ರಕ್ತ ಹೋಗುವ ದಾರಿಯಲ್ಲಿ ಕ್ಯಾಲ್ಸಿಯಂ ಕಟ್ಟಿದ ಅಯೋರ್ಟಿಕ್ ವಾಲ್ವ್. ನನ್ನ ಟೇಬಲ್ಲಿಗೆ ಹರಪನಹಳ್ಳಿಯಿಂದ, ಜಗಳೂರಿನಿಂದ ಬರುವವರು ಯಾರು? ಇಪ್ಪತ್ತೈದು, ಮೂವತ್ತರ ಹೆಣ್ಣುಮಕ್ಕಳು. ಎಷ್ಟೋ ಸಲ ಬಸುರಿಯಾದ ಮೇಲೆಯೇ ಗೊತ್ತಾಗುವುದು. ರುಮ್ಯಾಟಿಕ್ ವಾಲ್ವ್‌ನ ಆಕಾರವೇ ಬೇರೆ. ಅದನ್ನು ನೋಡೇ ಇಲ್ಲದ ಸಾಫ್ಟ್‌ವೇರ್ ಗೆರೆ ಎಳೆದರೆ ನಾನು ಯಾಕೆ ನಂಬಲಿ?

ಮತ್ತೆ ಇವರಲ್ಲಿ ಎಷ್ಟೋ ಜನಕ್ಕೆ ಹೃದಯದ ಬಡಿತ ಲಯ ತಪ್ಪಿರುತ್ತದೆ. ಒಂದು ಬಡಿತ ಉದ್ದ, ಒಂದು ಗಿಡ್ಡ. ನಾವು ಐದಾರು ಬಡಿತ ಅಳೆದು ಸರಾಸರಿ ತೆಗೆಯುತ್ತೇವೆ. ಸಾಫ್ಟ್‌ವೇರಿಗೆ ಒಂದೇ ಬಡಿತ ಕೊಟ್ಟರೆ ಅದು ಅಷ್ಟನ್ನೇ ಅಳೆದು ಎರಡು ದಶಾಂಶದವರೆಗೆ ಉತ್ತರ ಕೊಡುತ್ತದೆ. 1.13 ಅಂತೆ. ಆ 3 ಎಲ್ಲಿಂದ ಬಂತು ಸ್ವಾಮಿ?

ಕೋಡ್ ಕೊಟ್ರೇಶಿ:
ದಶಾಂಶದ ಮಾತು ಒಪ್ಪಿದೆ. ನಮ್ಮ ಡಿಸೈನ್ ಟೀಮಿಗೂ ಅದನ್ನೇ ಹೇಳುತ್ತಿರುತ್ತೇನೆ, ಕೇಳಲ್ಲ. ಉಳಿದದ್ದಕ್ಕೆ ಸಂಜೆ ಬರೆಯುತ್ತೇನೆ, ಮೀಟಿಂಗ್ ಇದೆ.

ಬಸಾಪುರದ ಬಸಣ್ಣ:
ಇಷ್ಟೆಲ್ಲ ಯಾಕೆ? ಹೊಳೆಮತ್ತಿ ಚಕ್ಕೆ ಕಷಾಯ ಮೂರು ತಿಂಗಳು ಕುಡಿದರೆ ವಾಲ್ವ್ ತಾನೇ ಬಿಡುತ್ತದೆ. ನಮ್ಮ ಅಜ್ಜ ಮಾಡಿಸಿ ಕೊಡುತ್ತಿದ್ದರು.

ದುರ್ಗದ ದೀಪಾ:
ಬಸಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೃದಯದ ಆಪರೇಷನ್ ಥಿಯೇಟರಿನಲ್ಲಿ (ಓಟಿ) ಸ್ಟಾಫ್ ನರ್ಸ್ ಆಗಿದ್ದವಳು. ಕತ್ತರಿಸಿ ತೆಗೆದ ರುಮ್ಯಾಟಿಕ್ ವಾಲ್ವ್ ಅನ್ನು ಟ್ರೇಯಲ್ಲಿ ಹಿಡಿದು ನೋಡಿದ್ದೇನೆ. ಎಸಳು ಚಕ್ಕಳದ ಹಾಗೆ ಗಟ್ಟಿ, ಫೋರ್ಸೆಪ್ಸ್‌ನಲ್ಲಿ ಹಿಡಿದರೆ ಬಾಗುವುದಿಲ್ಲ, ಅಂಚಿನಲ್ಲಿ ಕ್ಯಾಲ್ಸಿಯಂ ಬೆರಳಿಗೆ ಹರಳಿನಂತೆ ಸಿಗುತ್ತದೆ. ಅದು ಕಷಾಯಕ್ಕೆ ಬಿಡುವಂಥದ್ದಲ್ಲ. ಅದಲ್ಲದೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಯಾವ ಬೇರು ನಾರನ್ನೂ ಕುಡಿಯಬಾರದು.

ಬಸಾಪುರದ ಬಸಣ್ಣ:
ಆಯ್ತವ್ವ, ನಾನು ಒಳ್ಳೇದಕ್ಕೇ ಹೇಳಿದೆ.

ಹಳೇ ಮೇಷ್ಟ್ರು:
ಮಾತ್ರೆ ವಿಷಯ ಬಂತಲ್ಲ, ನಾನೂ ಒಂದು ಮಾತು ಸೇರಿಸುತ್ತೇನೆ. ನನ್ನ ಎದೆಯಲ್ಲಿ ಇರುವುದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ತಂಡ ಮಾಡಿದ್ದು. ಮೊದಲ ಮಾದರಿಗಳು ಪರೀಕ್ಷೆಯಲ್ಲೇ ಕೈಕೊಟ್ಟು, ನಾಲ್ಕನೆಯದು ಗೆದ್ದಿತು. ಮೊದಲ ಸಲ ಮನುಷ್ಯರಿಗೆ ಹಾಕಿದ್ದು 1990ರ ಡಿಸೆಂಬರ್ 6ರಂದು. ಸುತ್ತಿನ ಚೌಕಟ್ಟು ಲೋಹದ್ದು, ಒಳಗಿನ ಬಿಲ್ಲೆ ಪ್ಲಾಸ್ಟಿಕ್‌ನದು, ಅದು ಓರೆಯಾಗಿ ತೆರೆದು ಮುಚ್ಚುತ್ತದೆ.

ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಪರೀಕ್ಷೆ) ತಿಂಗಳು ತಿಂಗಳು ನೋಡಿಸುತ್ತೇನೆ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ 2.5ರಿಂದ 3.5ರ ನಡುವೆ ಇರಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಸೊಪ್ಪು ತಿನ್ನಲೇಬಾರದು ಅಂತ ಕೆಲವರು ಹೆದರಿಸುತ್ತಾರೆ. ಹಾಗೇನಿಲ್ಲ. ವಾರ ವಾರ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನಾ ಮೆಂತ್ಯ ಸೊಪ್ಪು ಅಂತ ಮಾಡಬಾರದು ಅಷ್ಟೇ.

ಮಂಡಕ್ಕಿ ಭಟ್ಟಿ:
ಮೇಷ್ಟ್ರೇ, ಬೆಣ್ಣೆ ದೋಸೆ?

ಹಳೇ ಮೇಷ್ಟ್ರು:
ವಾಲ್ವ್‌ಗೂ ಅದಕ್ಕೂ ಸಂಬಂಧ ಇಲ್ಲ. ಕೊಲೆಸ್ಟ್ರಾಲ್ ಬೇರೆ ಡಿಪಾರ್ಟ್‌ಮೆಂಟು. ತಿಂಗಳಿಗೊಂದು ಸಲ ತಿನ್ನುತ್ತೇನೆ, ಮನೆಯವರಿಗೆ ಹೇಳಬೇಡಿ.

ಎಕೋ ರೂಮು:
ಮೇಷ್ಟ್ರ ಥರದವರು ಬಂದರೆ ಎಐ ಕೈ ಎತ್ತಿಬಿಡುತ್ತದೆ. ಲೋಹದ ವಾಲ್ವ್ ಹಿಂದೆ ಅಲ್ಟ್ರಾಸೌಂಡ್ ದಾಟುವುದಿಲ್ಲ, ಕಪ್ಪು ನೆರಳು ಬೀಳುತ್ತದೆ. ಆ ನೆರಳಿನಲ್ಲೇ ಸೋರಿಕೆ ಅಡಗಿರಬಹುದು. ಬೇರೆ ಬೇರೆ ಕೋನದಿಂದ ಹುಡುಕಬೇಕು. ಮುಂದೆ ಎಲ್ಲಿ ನೋಡಬೇಕು ಅನ್ನುವುದು ಹಿಡಿದ ಕೈಗೆ ಗೊತ್ತಿರಬೇಕು.

ಚನ್ನಗಿರಿ ತೋಟ:
ಒಂದು ಡೌಟು. ಟಿವಿಯಲ್ಲಿ ರೋಬೋಟ್ ಹಾರ್ಟ್ ಆಪರೇಷನ್ ಮಾಡುತ್ತದೆ ಅಂತ ತೋರಿಸಿದರು. ಅದೂ ಎಐ ಏನು? ಕರೆಂಟ್ ಹೋದರೆ ಗತಿ ಏನು?

ದುರ್ಗದ ದೀಪಾ:
ಅಲ್ಲ ಅಣ್ಣ. ರೋಬೋಟ್ ತಾನಾಗಿ ಏನೂ ಕೊಯ್ಯುವುದಿಲ್ಲ. ಸರ್ಜನ್ ಪಕ್ಕದಲ್ಲಿ ಒಂದು ಯಂತ್ರದ ಮುಂದೆ ಕೂತು 3ಡಿ ಚಿತ್ರ ನೋಡುತ್ತಾ ಕೈ ಆಡಿಸುತ್ತಾರೆ. ರೋಬೋಟಿನ ತೋಳು ಅದನ್ನೇ ಒಳಗೆ ಸಣ್ಣದಾಗಿ ಮಾಡುತ್ತದೆ. 1998ರಲ್ಲೇ ಫ್ರಾನ್ಸಿನಲ್ಲಿ ಕಾರ್ಪೆಂಟಿಯರ್ ಅನ್ನುವ ಸರ್ಜನ್ ಹೀಗೆ ಮೈಟ್ರಲ್ ವಾಲ್ವ್ ರಿಪೇರಿ ಮಾಡಿದ್ದರು. ಅದರಲ್ಲಿ ಎಐ ಇರಲಿಲ್ಲ. ಕರೆಂಟಿಗೆ ಬ್ಯಾಟರಿ, ಜನರೇಟರ್ ಎಲ್ಲ ಇರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಸರ್ಜನ್ ಕೈ ತೊಳೆದು ರೆಡಿ ನಿಂತಿರುತ್ತಾರೆ.

ಓಟಿಯೊಳಗೆ ಇಮೇಜಿಂಗ್ ಎಷ್ಟು ಮುಖ್ಯ ಅಂತ ಒಂದು ಉದಾಹರಣೆ ಹೇಳುತ್ತೇನೆ. ವಾಲ್ವ್ ಬದಲಿಸದೆ ರಿಪೇರಿ ಮಾಡಿದಾಗ, ಹೃದಯ ಇನ್ನೂ ನಿಂತಿರುವಾಗಲೇ ಸಿರಿಂಜಿನಿಂದ ಸಲೈನ್ ಅನ್ನು ಕೆಳಗಿನ ಕೋಣೆಗೆ ತುಂಬುತ್ತಾರೆ. ಎಸಳು ಉಬ್ಬಿ ಎರಡೂ ಅಂಚು ಕೂಡುತ್ತವೆ. ನೀರು ಮೇಲೆ ಉಕ್ಕಿದರೆ ಎಲ್ಲಿಂದ ಉಕ್ಕಿತು ಅಂತ ನೋಡಿ ಅಲ್ಲಿಗೆ ಇನ್ನೊಂದು ಹೊಲಿಗೆ. ಆದರೆ ನಿಂತ ಹೃದಯದಲ್ಲಿ ಸರಿ ಕಂಡದ್ದು ಬಡಿಯುವ ಹೃದಯದಲ್ಲಿ ಸೋರಬಹುದು. ಅದಕ್ಕೇ ಅಷ್ಟು ಹೊತ್ತು ಹೃದಯದ ಕೆಲಸ ಮಾಡುತ್ತಿದ್ದ ಪಂಪ್‌ನಿಂದ ಬಿಡಿಸಿದ ತಕ್ಷಣ ಅನ್ನನಾಳದಲ್ಲಿ ಇರುವ ಪ್ರೋಬ್‌ನಿಂದ ಮತ್ತೆ ಎಕೋ. ಎಲ್ಲರೂ ಕೆಲಸ ನಿಲ್ಲಿಸಿ ಆ ಸ್ಕ್ರೀನನ್ನೇ ನೋಡುತ್ತಾರೆ. ರಕ್ತದ ಹರಿವು ತೋರಿಸುವ ಬಣ್ಣದ ಡಾಪ್ಲರ್‌ನಲ್ಲಿ ದೊಡ್ಡ ಸೋರಿಕೆ ಕಂಡರೆ ಮತ್ತೆ ಪಂಪ್ ಹಾಕಿ, ಮತ್ತೆ ಹೃದಯ ನಿಲ್ಲಿಸಿ, ಮೊದಲಿಂದ ಶುರು. ಆ ಹೊತ್ತಿನಲ್ಲಿ ಯಾವ ಎಸಳಿನ ಯಾವ ಭಾಗ ಅಂತ ಸಾಫ್ಟ್‌ವೇರ್ ಬಣ್ಣ ಹಚ್ಚಿ ತೋರಿಸಿದರೆ ಬಹಳ ಉಪಕಾರ. ಯಾರೂ ಬೇಡ ಅನ್ನುವುದಿಲ್ಲ.

ಚನ್ನಗಿರಿ ತೋಟ:
ಅಬ್ಬಾ. ಥ್ಯಾಂಕ್ಸ್ ಮೇಡಂ.

ಕೋಡ್ ಕೊಟ್ರೇಶಿ:
ಸಂಜೆ ಆಯ್ತು, ಬಂದೆ. ಎಕೋ ರೂಮು ಸರ್, ನೀವು ಹೇಳಿದ ಎರಡೂ ನಿಜ, ಆದರೆ ನೀವು ಒಂದೇ ಮೂಲೆ ನೋಡುತ್ತಿದ್ದೀರಿ. ಟಾವಿ ನೋಡಿ. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಅಯೋರ್ಟಿಕ್ ವಾಲ್ವ್ ಕೂರಿಸುವುದು. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರುವಾಂ ಊರಿನಲ್ಲಿ ಅಲೇನ್ ಕ್ರಿಬಿಯೇ ಮೊದಲ ಸಲ ಮಾಡಿದರು. ಅಲ್ಲಿ ಡಾಕ್ಟರ್ ವಾಲ್ವ್ ಅನ್ನು ಕಣ್ಣಾರೆ ನೋಡುವುದೇ ಇಲ್ಲ. ಅಳತೆಯೆಲ್ಲ ಮೊದಲೇ ತೆಗೆದ ಸಿಟಿ ಸ್ಕ್ಯಾನಿನಿಂದ.

ಅಯೋರ್ಟಿಕ್ ವಾಲ್ವ್‌ನ ಮೂರು ಎಸಳುಗಳ ಬುಡದಲ್ಲಿ ಅತಿ ಕೆಳಗಿನ ಬಿಂದು ಒಂದೊಂದು. ಆ ಮೂರು ಬಿಂದು ಸೇರಿಸಿದರೆ ಒಂದು ಸಮತಲ. ಅಲ್ಲಿ ಸುತ್ತಳತೆ ಮತ್ತು ಏರಿಯಾ ತೆಗೆದು ವಾಲ್ವ್ ಸೈಜ್ ಆರಿಸುತ್ತಾರೆ. ಸಣ್ಣದು ಹಾಕಿದರೆ ಪಕ್ಕದಿಂದ ಸೋರುತ್ತದೆ. ದೊಡ್ಡದು ತುರುಕಿದರೆ ಬುಡವೇ ಹರಿದು ಹೋಗಬಹುದು. ಹೃದಯಕ್ಕೇ ರಕ್ತ ಕೊಡುವ ಕೊರೋನರಿ ನಾಳಗಳ ಬಾಯಿ ಎಷ್ಟು ಎತ್ತರದಲ್ಲಿದೆ ಅಂತಲೂ ನೋಡಬೇಕು, ತೀರಾ ಕೆಳಗಿದ್ದರೆ ಹಳೇ ಎಸಳು ಅದನ್ನು ಮುಚ್ಚಿಬಿಡಬಹುದು. ಕೈಯಲ್ಲಿ ಮಾಡಿದರೆ ಹೊತ್ತು ಹಿಡಿಯುವ ಇಷ್ಟನ್ನೂ ಸಾಫ್ಟ್‌ವೇರ್ ಬೇಗ ಮಾಡಿ ಮುಂದಿಡುತ್ತದೆ. ಆಪರೇಷನ್ ದಿನ ಎಕ್ಸ್‌ರೇ ತೋಳನ್ನು ಯಾವ ಕೋನಕ್ಕೆ ತಿರುಗಿಸಿದರೆ ಮೂರೂ ಎಸಳು ಒಂದೇ ಸಾಲಿನಲ್ಲಿ ಕಾಣುತ್ತವೆ ಅಂತಲೂ ಹೇಳುತ್ತದೆ.

ನಿದ್ದೆಗೆಟ್ಟ ಪಿಜಿ:
ಇದಕ್ಕೆ ನನ್ನ ಓಟು ಕೊಟ್ರೇಶಿಗೆ. ಅಯೋರ್ಟಿಕ್ ವಿಷಯದಲ್ಲಿ ಎಕೋ ಗೊಂದಲ ಮಾಡಿದಾಗ ಸಿಟಿಯಲ್ಲಿ ಕ್ಯಾಲ್ಸಿಯಂ ಸ್ಕೋರ್ ನೋಡುತ್ತಾರೆ. ಗಂಡಸರಲ್ಲಿ 2000, ಹೆಂಗಸರಲ್ಲಿ 1200 ದಾಟಿದರೆ ತೀವ್ರ ಇರುವ ಸಾಧ್ಯತೆ ಹೆಚ್ಚು. ಈ ಎಣಿಕೆ ಯಂತ್ರಕ್ಕೇ ಹೇಳಿ ಮಾಡಿಸಿದ್ದು.

ಮಂಡಕ್ಕಿ ಭಟ್ಟಿ:
ಟಾವಿ ರೇಟು ಹೇಳಿ ಮೊದಲು. ನಮ್ಮ ಕಡೆಯವರು ಎಕರೆ ಮಾರಬೇಕು.

ಕೋಡ್ ಕೊಟ್ರೇಶಿ:
ಈಗ ಭಾರತದ್ದೇ ವಾಲ್ವ್ ಇದೆ, ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್. ಆದರೂ ಹೌದು, ದುಬಾರಿಯೇ.

ಎಕೋ ರೂಮು:
ಟಾವಿ ಒಪ್ಪಿದೆ. ಆದರೆ ಶಶಿಯ ಅಕ್ಕನಿಗೆ ಅದು ಸಂಬಂಧವೇ ಇಲ್ಲ. ಮೈಟ್ರಲ್ ಬಲೂನ್ ಲೆಕ್ಕ ಕೇಳಿ. ಜಪಾನಿನ ಡಾ. ಕಾಂಜಿ ಇನೊಯೆ ಮಾಡಿದ ಬಲೂನ್, 1984ರಲ್ಲಿ ವರದಿ ಬಂತು. ಯಾವ ಸೈಜ್ ಬಲೂನ್ ಅಂತ ಹೇಗೆ ಗೊತ್ತಾಗುತ್ತದೆ? ರೋಗಿಯ ಎತ್ತರ ಸೆಂ.ಮೀ.ನಲ್ಲಿ ತಗೊಳ್ಳಿ, ಹತ್ತರಿಂದ ಭಾಗಿಸಿ, ಹತ್ತು ಕೂಡಿಸಿ. 150 ಸೆಂ.ಮೀ. ಇದ್ದರೆ 25 ಮಿ.ಮೀ. ಮುಗೀತು. ಗೋಡೆಗೆ ಅಂಟಿಸಿದ ಟೇಪು ಸಾಕು. ಸ್ವಲ್ಪ ಕಡಿಮೆ ಸೈಜಿನಿಂದ ಉಬ್ಬಿಸಲು ಶುರು ಮಾಡಿ, ಪ್ರತಿ ಸಲ ಎಕೋ ನೋಡಿ ಹೆಚ್ಚಿಸುತ್ತಾ ಹೋಗುತ್ತಾರೆ.

ಕೋಡ್ ಕೊಟ್ರೇಶಿ:
ಇದು ನಿಜಕ್ಕೂ ಗೊತ್ತಿರಲಿಲ್ಲ. ಎಂಥ ಚಂದದ ಮಾಡೆಲ್ ಸರ್, ಒಂದೇ ಒಂದು ಇನ್‌ಪುಟ್!

ಹಳೇ ಮೇಷ್ಟ್ರು:
ಏಳನೇ ಕ್ಲಾಸಿನ ಗಣಿತ.

ನಿದ್ದೆಗೆಟ್ಟ ಪಿಜಿ:
ಇನ್ನೊಂದು ಇದೆ ಮೇಷ್ಟ್ರೇ. ಡಾಪ್ಲರ್‌ನಲ್ಲಿ ವೇಗ ಅರ್ಧ ಇಳಿಯುವ ಹೊತ್ತಲ್ಲ, ಒತ್ತಡದ ವ್ಯತ್ಯಾಸ ಅರ್ಧ ಇಳಿಯುವ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ತಗೊಂಡು 220ನ್ನು ಅದರಿಂದ ಭಾಗಿಸಿದರೆ ಮೈಟ್ರಲ್ ಏರಿಯಾ. 200 ಬಂದರೆ 1.1. ಶಶಿ, ನಿಮ್ಮ ಎರಡೂ ರಿಪೋರ್ಟಿನಲ್ಲಿ "ಪಿಎಚ್‌ಟಿ" ಅಂತ ಒಂದು ನಂಬರ್ ಇರಬೇಕು, ನೋಡಿ. ತೂತಿನ ಸುತ್ತ ಗೆರೆ ಎಳೆಯದೆ ಬರುವ ಮೂರನೇ ಸಾಕ್ಷಿ ಅದು.

ನಿಟುವಳ್ಳಿ ಶಶಿ:
ಇದೆ! ದಾವಣಗೆರೆ ರಿಪೋರ್ಟಿನಲ್ಲೇ 190 ಅಂತ ಇದೆ. ಅಂದರೆ... 1.16?

ನಿದ್ದೆಗೆಟ್ಟ ಪಿಜಿ:
1.2 ಅಂತಿಟ್ಟುಕೊಳ್ಳಿ. 1.1ರ ಪಕ್ಕದಲ್ಲೇ ಇದೆ. ಎರಡೂ ರಿಪೋರ್ಟ್ ಹಿಡಿದು ಕಾರ್ಡಿಯಾಲಜಿಸ್ಟ್ ಹತ್ತಿರ ಹೋಗಿ, ಆರು ತಿಂಗಳು ಕಾಯಬೇಡಿ. ಗೆರೆಯನ್ನು ಡಾಕ್ಟರ್ ನೋಡಿ ತಿದ್ದಿದರಾ, ಸಾಫ್ಟ್‌ವೇರ್ ಕೊಟ್ಟದ್ದನ್ನು ಹಾಗೇ ಇಟ್ಟರಾ ಅಂತಲೂ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಎಕೋ ರೂಮು:
ವಿಲ್ಕಿನ್ಸ್ ಸ್ಕೋರ್ ಬರೆದಿಲ್ಲದಿದ್ದರೆ ಅದನ್ನೂ ಬರೆಸಿಕೊಳ್ಳಿ. ವಿಡಿಯೋ ಕ್ಲಿಪ್‌ಗಳನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ತಗೊಳ್ಳಿ. ಬರೀ ಪ್ರಿಂಟ್ ಕಾಗದ ಹಿಡಿದುಕೊಂಡು ಹೋದರೆ ಎರಡನೆಯವರು ಮತ್ತೆ ಎಕೋ ಮಾಡಲೇಬೇಕಾಗುತ್ತದೆ.

ದುರ್ಗದ ದೀಪಾ:
ಶಶಿ, ಬಿಪಿಎಲ್ ಕಾರ್ಡ್ ಇದೆಯಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30, ಗರಿಷ್ಠ 1.5 ಲಕ್ಷ. ಮೊದಲು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಬರೆಸಿಕೊಂಡು ಹೋಗಿ. ಸೀದಾ ಬೆಂಗಳೂರಿಗೆ ಹೋಗಿ ಕೌಂಟರ್ ಮುಂದೆ ನಿಂತು ವಾಪಸ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ನಿಟುವಳ್ಳಿ ಶಶಿ:
ಬಿಪಿಎಲ್ ಇದೆ. ಸೋಮವಾರವೇ ಹೋಗುತ್ತೇವೆ ಅಕ್ಕ. ಭಾವ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗೋಣ ಅಂತಿದ್ದಾರೆ.

ಮಂಡಕ್ಕಿ ಭಟ್ಟಿ:
ಆಟೋದವನಿಗೆ ಬೆಂಗಳೂರಿನದು ಅಂತ ಸರಿಯಾಗಿ ಹೇಳಿ, ಇಲ್ಲಾಂದ್ರೆ ಇಲ್ಲೇ ದಾವಣಗೆರೆಯ ಜಯದೇವ ಸರ್ಕಲ್‌ಗೆ ಬಿಟ್ಟು ಹೋಗ್ತಾನೆ.

ಚನ್ನಗಿರಿ ತೋಟ:
😂😂 ವಂದೇ ಭಾರತ್‌ಗೆ ಹೋಗಿ, ಬಸ್ಸಿನಲ್ಲಿ ಉಸಿರಾಟದ ಪೇಷಂಟ್‌ಗೆ ಕಷ್ಟ.

ಹಳೇ ಮೇಷ್ಟ್ರು:
ಕೊಟ್ರೇಶಿಗೆ ಒಂದು ಪ್ರಶ್ನೆ. ಸಾಫ್ಟ್‌ವೇರ್ ತಪ್ಪು ಅಳೆದು ರೋಗಿಗೆ ತೊಂದರೆ ಆದರೆ ಹೊಣೆ ಯಾರದ್ದು?

ಕೋಡ್ ಕೊಟ್ರೇಶಿ:
ರಿಪೋರ್ಟಿಗೆ ಸಹಿ ಹಾಕಿದ ಡಾಕ್ಟರದ್ದು ಅಂತಲೇ ಇವತ್ತಿನ ಪದ್ಧತಿ. ಹಾಗಂತ ಕಂಪನಿ ಸುಮ್ನೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮ ಇದೆ. 2020ರ ಏಪ್ರಿಲ್ 1ರಿಂದ ಸಾಫ್ಟ್‌ವೇರ್ ಕೂಡ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ವರ್ಗ ಮಾಡುತ್ತಾರೆ.

ಎಕೋ ರೂಮು:
ಸಹಿ ಡಾಕ್ಟರದ್ದು, ಪ್ರೋಬ್ ನನ್ನದು, ಗೆರೆ ನಿಮ್ಮದು. ಬೈಗುಳ ಮಾತ್ರ ಪ್ರೋಬ್ ಹಿಡಿದವನಿಗೆ.

ಕೋಡ್ ಕೊಟ್ರೇಶಿ:
ಪ್ರೋಬ್ ಹಿಡಿಯುವುದರಲ್ಲೂ ಎಐ ಬಂದಿದೆ ಸರ್. ಎಡಕ್ಕೆ ಸರಿಸು, ಸ್ವಲ್ಪ ತಿರುಗಿಸು, ಸಾಕು ನಿಲ್ಲು ಅಂತ ಹೇಳುವ ಸಾಫ್ಟ್‌ವೇರ್‌ಗೆ ಅಮೆರಿಕದಲ್ಲಿ 2020ರಲ್ಲೇ ಒಪ್ಪಿಗೆ ಸಿಕ್ಕಿತು. ಎಕೋ ಅನುಭವವೇ ಇಲ್ಲದ 8 ನರ್ಸ್‌ಗಳು ಅದನ್ನು ಹಿಡಿದು 240 ರೋಗಿಗಳ ಎಕೋ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹೃದಯದ ಗಾತ್ರ, ಪಂಪ್ ಮಾಡುವ ಶಕ್ತಿ, ಸುತ್ತ ನೀರು ತುಂಬಿದೆಯಾ ಅನ್ನುವುದನ್ನು ಹೇಳುವಷ್ಟು ಚೆನ್ನಾಗಿ ಚಿತ್ರ ಬಂದಿದ್ದವು.

ಎಕೋ ರೂಮು:
ಗಾತ್ರ, ಶಕ್ತಿ, ನೀರು. ವಾಲ್ವ್‌ನ ತೂತು ಅಳೆಯುವುದು ಆ ಪಟ್ಟಿಯಲ್ಲಿ ಇಲ್ಲ, ಗಮನಿಸಿ.

ಆದರೂ ಇದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರಲಿ ಅಂತ ನನ್ನ ಆಸೆ. ನನ್ನ ಹತ್ತಿರ ಬರುವ ಹೊತ್ತಿಗೆ ಕಾಲು ಊದಿರುತ್ತದೆ. ಮೊಳಕಾಲ್ಮೂರಿನಲ್ಲೋ ಹೊಸದುರ್ಗದಲ್ಲೋ ಒಬ್ಬ ನರ್ಸ್ "ಇದೇನೋ ಸರಿ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗು" ಅಂತ ಐದು ವರ್ಷ ಮೊದಲೇ ಹೇಳುವ ಹಾಗಾದರೆ ಸಾಕು. 1.1ಕ್ಕೂ 1.2ಕ್ಕೂ ಜಗಳ ಆಡುವುದಕ್ಕಿಂತ ಅದು ದೊಡ್ಡ ಕೆಲಸ.

ಹೊಸದುರ್ಗದ ಸುಮಾ:
ನಮ್ಮ ಊರಿನ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ನನ್ನ ಮಗನಿಗೆ 11 ವರ್ಷ. ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡದವರು ಎದೆಯಲ್ಲಿ ಸದ್ದು ಇದೆ ಅಂದರು. ಎಕೋದಲ್ಲಿ ರುಮ್ಯಾಟಿಕ್, ಸ್ವಲ್ಪ ಸೋರಿಕೆ ಇದೆ ಅಂತ ಬಂತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದಾರೆ. ತುಂಬಾ ನೋವು ಅಂತ ಅಳುತ್ತಾನೆ. ಈಗ ಆರಾಮಾಗಿ ಆಟ ಆಡುತ್ತಾನೆ, ನಿಲ್ಲಿಸಬಹುದಾ?

ನಿದ್ದೆಗೆಟ್ಟ ಪಿಜಿ:
ನಿಲ್ಲಿಸಬೇಡಿ ಮೇಡಂ. ಗಂಟಲಿನ ಸೋಂಕು ಮತ್ತೆ ಮತ್ತೆ ಬಂದರೆ ಪ್ರತಿ ಸಲ ವಾಲ್ವ್ ಇನ್ನಷ್ಟು ಕೆಡಬಹುದು. ಅದನ್ನು ತಡೆಯುವುದು ಈ ಇಂಜೆಕ್ಷನ್ನೇ. ವಾಲ್ವ್‌ಗೆ ಪೆಟ್ಟು ಬಿದ್ದು ಉಳಿದವರಿಗೆ 10 ವರ್ಷ ಅಥವಾ 40 ವಯಸ್ಸಿನ ತನಕ, ಯಾವುದು ದೀರ್ಘವೋ ಅಷ್ಟು. ಎಷ್ಟು ವರ್ಷ ಅಂತ ನಿಮ್ಮ ಡಾಕ್ಟರ್ ನಿಮ್ಮ ಮಗನನ್ನು ನೋಡಿ ಹೇಳುತ್ತಾರೆ. ಈಗ ಆರಾಮಾಗಿ ಇದ್ದಾನೆ ಅನ್ನುವುದು ನಿಲ್ಲಿಸುವುದಕ್ಕೆ ಕಾರಣ ಅಲ್ಲ.

ದುರ್ಗದ ದೀಪಾ:
ಸುಮಾ, ಔಷಧಿ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಚುಚ್ಚಬೇಡಿ, ಸ್ವಲ್ಪ ಬೆಚ್ಚಗಾಗಲಿ, ನಿಧಾನಕ್ಕೆ ಕೊಡಿ ಅಂತ ಸಿಸ್ಟರ್‌ಗೆ ಹೇಳಿ. ನೋವು ಕಡಿಮೆ ಆಗುತ್ತದೆ. ಆಸ್ಪತ್ರೆಯಲ್ಲೇ ಹಾಕಿಸಿ, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ.

ಹೊಸದುರ್ಗದ ಸುಮಾ:
ಆಯ್ತು ಅಕ್ಕ, ಡಾಕ್ಟರ್ ಸರ್‌ಗೂ ಥ್ಯಾಂಕ್ಸ್.

ಕೋಡ್ ಕೊಟ್ರೇಶಿ:
ಎಕೋ ರೂಮು ಸರ್, ನೇರ ವಿಷಯಕ್ಕೆ ಬರುತ್ತೇನೆ. ರುಮ್ಯಾಟಿಕ್ ವಾಲ್ವ್ ನೋಡೇ ಇಲ್ಲದ ಸಾಫ್ಟ್‌ವೇರ್ ಅಂತ ಬೈದಿರಲ್ಲ, ನೋಡಿದ ಸಾಫ್ಟ್‌ವೇರ್ ಬೇಕಾದರೆ ಚಿತ್ರ ಎಲ್ಲಿಂದ ತರುವುದು? ನಿಮ್ಮ ಮಷಿನ್ನಿನಲ್ಲೇ ಇದೆ. ಹೆಸರು, ಊರು, ನಂಬರ್ ಎಲ್ಲ ಅಳಿಸಿ ಕೊಡುವ ಹಾಗೆ ಮಾಡಬಹುದು.

ಎಕೋ ರೂಮು:
ಅಳಿಸುತ್ತೇನೆ ಅಂತ ಬಾಯಿಮಾತಿಗೆ ನಡೆಯಲ್ಲ. 2023ರ ಡೇಟಾ ಕಾಯ್ದೆ ನಿಮಗೇ ಚೆನ್ನಾಗಿ ಗೊತ್ತು. ಎಥಿಕ್ಸ್ ಕಮಿಟಿ ಪತ್ರ ತನ್ನಿ, ರೋಗಿಯ ಒಪ್ಪಿಗೆ ಕನ್ನಡದಲ್ಲಿ ಬರೆದು ತನ್ನಿ, ಓದಿ ಹೇಳಲು ಒಬ್ಬರನ್ನು ಕೂರಿಸಿ.

ಕೋಡ್ ಕೊಟ್ರೇಶಿ:
ತರುತ್ತೇನೆ. ಮತ್ತೆ?

ಎಕೋ ರೂಮು:
ಸಾವಿರಗಟ್ಟಲೆ ವಾಲ್ವ್‌ಗೆ ಗೆರೆ ಎಳೆದು ಕೊಡಬೇಕಲ್ಲ, ಒಪಿಡಿ ಮುಗಿಸಿ ರಾತ್ರಿ ಕೂತು ಅದನ್ನು ಎಳೆಯುವವರಿಗೆ ಸಂಬಳ ಯಾರು ಕೊಡುತ್ತಾರೆ, ಮತ್ತು ಆ ಸಾಫ್ಟ್‌ವೇರ್ ತಯಾರಾದ ಮೇಲೆ ನಮ್ಮ ಆಸ್ಪತ್ರೆಗೆ ಎಷ್ಟಕ್ಕೆ ಮಾರುತ್ತೀರಿ? ಇವೆರಡನ್ನೂ ಮೊದಲೇ ಕಾಗದದಲ್ಲಿ ಬರೆದು ತನ್ನಿ.

ಮಂಡಕ್ಕಿ ಭಟ್ಟಿ:
ಅದಕ್ಕೇ ನಾನು ಮೊದಲೇ ಬಿಲ್ಲು ನೋಡಿ ಅಂದಿದ್ದು.

ಕೋಡ್ ಕೊಟ್ರೇಶಿ:
ಸಂಬಳದ್ದು ಬರೆಸಿ ತರಬಲ್ಲೆ ಸರ್. ರೇಟಿನದು ನನ್ನ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಬೇಕು.

ಎಕೋ ರೂಮು:
ಕೇಳಿ. ಅಲ್ಲಿತನಕ ಮಷಿನ್ ನನ್ನ ಹತ್ತಿರವೇ ಇರುತ್ತದೆ.